ಒಳಗಡೆಯ ಚಿಲಕ

ಹೆಂಗಸರ ಕಡೆಯ ಬಚ್ಚಲಿನ ಬಾಗಿಲಿನ ಒಳಮೈಯಲ್ಲಿ, ಎದೆಯ ಎತ್ತರಕ್ಕೆ, ನಾಲ್ಕು ಸಣ್ಣ ತೂತುಗಳಿಗೆ ಪುಟ್ಟಿ ಮೆತ್ತಿದ ಗುರುತಿತ್ತು. ಆ ವೃದ್ಧಾಶ್ರಮಕ್ಕೆ ಅಕ್ಕನನ್ನು ಸೇರಿಸಲು ಹೋದ ದಿನವೇ ಅದು ನನ್ನ ಕಣ್ಣಿಗೆ ಬಿತ್ತು. ಬೀಳದೆ ಇರುವ ಹಾಗಿರಲಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ನನ್ನದು ತಪಾಸಣೆ ವಿಭಾಗ. ಬೇರೆಯವರು ಬೆವರು ಸುರಿಸಿ ಎರಕ ಹೊಯ್ದ ಮಾಲನ್ನು ತಟ್ಟಿ, ತಡವಿ, ಅಳತೆಯ ಗೇಜು ಹಿಡಿದು ನೋಡಿ, ಗುಳ್ಳೆಯೋ ಬಿರುಕೋ ಕಂಡರೆ ಕೆಂಪು ಬಣ್ಣ ಬಳಿಯುವುದು ನನ್ನ ಜೀವನೋಪಾಯ. ಈ ಕೆಲಸ ಮಾಡಿದವನಿಗೆ ಮದುವೆಮನೆಯಲ್ಲೂ ಮೊದಲು ಕಾಣುವುದು ಚಪ್ಪರದ ಕಂಬದ ಓರೆ. ತೂತು ಮರೆಸುವ ಪುಟ್ಟಿ ಎಂಬುದಂತೂ ನಮ್ಮ ವಿಭಾಗದಲ್ಲಿ ಬೈಗುಳ. ಪುಟ್ಟಿಯ ಹಿಂದೆ ಏನೋ ಒಂದು ನಡೆದಿರಲೇಬೇಕು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಅಕ್ಕ ಶಿವಮೊಗ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದು ನಿವೃತ್ತಳಾದವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಒಂದು ಬಾಡಿಗೆ ಮನೆ, ಒಂದು ಹೊಲಿಗೆ ಮಿಶನ್ನು, ಯಾರ ಹಂಗೂ ಇಲ್ಲದ ಬದುಕು. ಒಂದು ದಿನ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಒಳಗೆ ಕಬ್ಬಿಣ ಕೂರಿಸಿದ ಡಾಕ್ಟರು, "ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರೋ ಹಾಗಿಲ್ಲ" ಎಂದುಬಿಟ್ಟರು. ಆ ಒಂದೇ ಮಾತಿಗೆ ನನ್ನ ಮನೆಯ ಬಾಗಿಲು ಅವಳ ಪಾಲಿಗೆ ಮುಚ್ಚಿತು. ನಾನಿದ್ದದ್ದು ಭದ್ರಾವತಿ ಹಳೇನಗರದ ಬಾಡಿಗೆ ಮನೆಯಲ್ಲಿ. ಕಕ್ಕಸು ಹಿತ್ತಿಲಲ್ಲಿ, ಮೆಟ್ಟಿಲು ಇಳಿದು ಹೋಗಬೇಕು, ಕೂರುವುದು ಪೂರ್ವಿಕರ ಕ್ರಮದಲ್ಲಿ. ಕಮೋಡು ಹಾಕಿಸಿಕೊಳ್ಳಲೇ ಎಂದು ಮಾಲೀಕರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಯೋಚಿಸಿ, ಅದು ಕುರ್ಚಿಯ ಮೇಲೆ ಕೂತು ಮಾಡುವ ಕೆಲಸವಲ್ಲವೆಂದು ಧರ್ಮಸೂಕ್ಷ್ಮ ವಿವರಿಸಿದರು.

ನಾನು ಬೇರೆ ಮನೆ ನೋಡುತ್ತೇನೆಂದಾಗ ಅಕ್ಕನೇ ತಡೆದಳು. "ನಿನ್ನ ಮನೇಲಿ ಪ್ರೀತಿ ಇದೆ ಮಾರಾಯ, ಕಮೋಡಿಲ್ಲ. ಪ್ರೀತಿ ಮೇಲೆ ಕೂರಕ್ಕಾಗಲ್ಲ."

ಹೀಗೆ ಶಿವಮೊಗ್ಗದ ರಾಗಿಗುಡ್ಡದ ಕಡೆಯ ಆ ಆಶ್ರಮ. ಸಾಲಾಗಿ ಕೋಣೆಗಳು, ಒಂದೇ ಉದ್ದನೆಯ ಪಡಸಾಲೆ, ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು, ಆ ತುದಿ ಈ ತುದಿಗೆ ಬಚ್ಚಲು, ಅದರಲ್ಲೇ ಕಮೋಡು. ಹಜಾರದಲ್ಲಿ ಸುರಕ್ಷತೆಯ ನಿಯಮಗಳ ದೊಡ್ಡ ಬೋರ್ಡು ನೇತುಹಾಕಿದ್ದರು. ಅದು ಯಾರ ತಲೆಯ ಮೇಲಾದರೂ ಬಿದ್ದರೆ ಸುರಕ್ಷಿತವಲ್ಲದಷ್ಟು ಭಾರವಾಗಿತ್ತು. ಬೆಂಕಿ ಆರಿಸುವ ಕೆಂಪು ಬಕೆಟ್ಟಿನಲ್ಲಿ ಮರಳಿತ್ತು. ಮರಳಿನ ಉಪಯೋಗವನ್ನು ಸದ್ಯಕ್ಕೆ ಒಂದು ಬೆಕ್ಕು ಪಡೆಯುತ್ತಿತ್ತು. ಗೋಡೆಗೆ ಹಿಡಿಕಂಬಿಗಳಿದ್ದವು, ಆದರೆ ಅವನ್ನು ಹಾಕಿದ ಬಡಗಿ ಆರಡಿ ಆಳಿರಬೇಕು, ಅಜ್ಜಿಯರು ಅವನ್ನು ಹಿಡಿಯಬೇಕಾದರೆ ಬಸ್ಸಿನಲ್ಲಿ ನಿಂತವರ ಹಾಗೆ ಕೈ ಮೇಲೆತ್ತಬೇಕಿತ್ತು. ನಾನು ಮನಸ್ಸಿನಲ್ಲೇ ಅಲ್ಲಲ್ಲಿ ಕೆಂಪು ಬಣ್ಣ ಬಳಿಯುತ್ತ ಬಚ್ಚಲಿನವರೆಗೆ ಬಂದಿದ್ದೆ.

ಪುಟ್ಟಿಯ ಸಂಗತಿ ಕೇಳಿದಾಗ ಆಶ್ರಮ ನೋಡಿಕೊಳ್ಳುವ ಸಿಸ್ಟರ್ ಆ ಗುರುತಿನ ಮೇಲೆ ಬೆರಳಿಟ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಬಂದ ಹೆಂಗಸು, ಕಡ್ಡಿ ಮುರಿದ ಹಾಗೆ ಮಾತು.

"ಒಳಗಡೆ ಚಿಲಕ ಇತ್ತು ಸಾರ್. ಹೋದ ವರ್ಷ ಒಬ್ಬರು ಅಜ್ಜಿ ಚಿಲಕ ಹಾಕ್ಕೊಂಡು ಸ್ನಾನಕ್ಕೆ ಹೋದೋರು ಬಿದ್ರು. ಹಾರೆ ಹುಡುಕಿ ತಂದು ಬಾಗಿಲು ಮೀಟಬೇಕಾಯ್ತು. ಮೊದಲು ಒಳಗಿಂದ ಕೂಗ್ತಾ ಇದ್ರು. ನಾನು 'ಬಂದ್ವಿ ಅಜ್ಜಿ, ಬಂದ್ವಿ' ಅಂತಿದ್ದೆ. ಆಮೇಲೆ ನಾನೊಬ್ಬಳೇ ಮಾತಾಡ್ತಾ ಇದ್ದೆ."

ಅದಾದ ಮೇಲೆ ಸರ್ಕಾರದ ತಪಾಸಣೆಯವರು ಬಂದರು, ಉಪ್ಪಿಟ್ಟು ಕೇಸರಿಬಾತು ಆಯಿತು, ನಿವಾಸಿಗಳ ಬಚ್ಚಲಿಗೆ ಒಳಚಿಲಕ ಕೂಡದೆಂದು ಆಯಿತು. ಬಡಗಿ ಬಂದು ಚಿಲಕಗಳನ್ನೆಲ್ಲ ಬಿಚ್ಚಿ ಪುಟ್ಟಿ ಮೆತ್ತಿದ. ನಿಯಮ ಸರಿಯಾಗಿತ್ತು. ನಾನೇ ಆ ಕುರ್ಚಿಯಲ್ಲಿದ್ದರೂ ಅದನ್ನೇ ಬರೆಯುತ್ತಿದ್ದೆ, ಉಪ್ಪಿಟ್ಟನ್ನೂ ತಿನ್ನುತ್ತಿದ್ದೆ.

ಮುಂದಿನ ಭಾನುವಾರ ಹೋದಾಗ ಅಕ್ಕ ಮಂಚದ ಮೇಲೆ ಕೂತು ನನಗಾಗಿಯೇ ಕಾದಿದ್ದಳು.

"ಬಾಗಿಲಿಗೆ ಚಿಲಕ ಇಲ್ಲ ಕಣೋ."

"ಸೇಫ್ಟಿಗೆ ಅಕ್ಕಾ."

"ಯಾರ ಸೇಫ್ಟಿಗೆ?"

"ನಿನ್ನದೇ."

"ನಾನು ಬಟ್ಟೆ ಬಿಚ್ಚಿ ಸ್ಟೂಲ್ ಮೇಲೆ ಕೂತಿರ್ತೀನಿ, ಬಾಗಿಲು ಬರೀ ಒರಗಿಸಿರುತ್ತೆ. ಗಾಳಿ ಬಂದ್ರೆ ಕಿರ್ ಅನ್ನುತ್ತೆ, ನನ್ನ ಪ್ರಾಣ ಹೋಗುತ್ತೆ. ತ್ಯಾವರೆಕೊಪ್ಪ ಸಫಾರಿಯ ಹುಲಿಗೂ ಮರೆಗೆ ಅಂತ ಒಂದು ಪೊದೆ ಬಿಟ್ಟಿದ್ದಾರೆ ಮಾರಾಯ. ನಾನು ಹುಲಿಗಿಂತ ಕಡೆಯಾ?"

ಬೇಕಾದರೆ ಆಯಾ ಒಳಗೇ ಬಂದು ನೀರು ಹಾಕಿಕೊಡುತ್ತಾಳಲ್ಲ ಎಂದೆ. ಅಕ್ಕ ನನ್ನನ್ನು ನೋಡಿದ ನೋಟದಲ್ಲಿ, ಹಿಂದೆ ವಕ್ರವಾಗಿ ಹೊಲಿಗೆ ಹಾಕಿದ ಮಕ್ಕಳಿಗೆ ಏನು ಸಿಗುತ್ತಿತ್ತೋ ಅದು ನನಗೂ ಸಿಕ್ಕಿತು.

ಗಾಳಿಯೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಗಂಡಸರ ಕಡೆ ಒಬ್ಬರು ಹಳೆಯ ಕಂಡಕ್ಟರ್ ಇದ್ದರು. ಶಿವಮೊಗ್ಗ ಭದ್ರಾವತಿ ನಡುವಿನ ಖಾಸಗಿ ಬಸ್ಸಿನಲ್ಲಿ ಆಯುಷ್ಯ ಸವೆಸಿದವರು. ನೆನಪು ಪೂರ್ತಿ ಹೋಗಿತ್ತು, ಬಸ್ಸೊಂದು ಉಳಿದಿತ್ತು. ಕೊರಳಿಗೆ ಚರ್ಮದ ಚೀಲ ಹಾಕಿಕೊಂಡು, ಬೆರಳ ಸಂದಿಯಲ್ಲಿ ಒಂದು ರೂಪಾಯಿಯ ನಾಣ್ಯ ಹಿಡಿದು, ಅದರಿಂದ ಕಂಬಿಗೆ, ಕಿಟಕಿಗೆ, ಬಾಗಿಲಿಗೆ ಟಕಟಕ ಬಡಿಯುತ್ತ ಪಡಸಾಲೆಯ ಈ ತುದಿಯಿಂದ ಆ ತುದಿಗೆ ದಿನವಿಡೀ ನಡೆಯುತ್ತಿದ್ದರು. ನನ್ನನ್ನು ಕಂಡರೆ, "ಭದ್ರಾವತೀನಾ? ಒಳಗೆ ಹೋಗಿ ಸ್ವಾಮಿ, ಸೀಟಿದೆ" ಎನ್ನುತ್ತಿದ್ದರು. ಅವರ ಬಸ್ಸಿನಲ್ಲಿ ಸೀಟಿಲ್ಲ ಎಂಬ ಮಾತು ಎಂದೂ ಇರಲಿಲ್ಲ. ಸಿಕ್ಕ ಬಾಗಿಲನ್ನೆಲ್ಲ ತೆರೆದು, "ಯಾರ್ರೀ ಒಳಗಡೆ, ಟಿಕೆಟ್ ಟಿಕೆಟ್" ಎಂದು ಕೇಳುವುದು ಅವರ ಕರ್ತವ್ಯ. ಕಿವಿ ಮಂದ. ಸ್ವಭಾವ ಹಸುವಿನಂಥದು. ಅವರ ಮೇಲೆ ಸಿಟ್ಟು ಮಾಡಲು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

ಅಕ್ಕ ಮೊದಲು ತನ್ನದೇ ಒಂದು ಉಪಾಯ ಮಾಡಿದಳು. ನಾವು ಹುಟ್ಟಿ ಬೆಳೆದದ್ದು ಭದ್ರಾವತಿಯ ಕೂಲಿ ಲೈನಿನ ಸಾಲುಮನೆಯಲ್ಲಿ. ಇಡೀ ಸಾಲಿಗೆ ಒಂದೇ ಕಡೆ ಕಕ್ಕಸುಗಳು, ಬಾಗಿಲಿದ್ದರೆ ಚಿಲಕವಿಲ್ಲ, ಚಿಲಕವಿದ್ದರೆ ಬಾಗಿಲಿಲ್ಲ. ಅಲ್ಲಿನ ಕಾನೂನು ಕೆಮ್ಮು. ಹೊರಗೆ ಬಂದವರು ಒಮ್ಮೆ ಕೆಮ್ಮಬೇಕು, ಒಳಗಿದ್ದವರು ಒಮ್ಮೆ ಕೆಮ್ಮಬೇಕು, ಹೊರಗಿನವರು ಹಿಂದಿರುಗಬೇಕು. ಕನ್ನಡ, ತಮಿಳು, ತೆಲುಗು ಮೂರೂ ಮಾತಿನ ಮನೆಗಳಿದ್ದ ಆ ಲೈನಿನಲ್ಲಿ ಎಲ್ಲರಿಗೂ ಅರ್ಥವಾಗುವ ಭಾಷೆ ಅದೊಂದೇ. ಅಕ್ಕ ನನಗೆ ಅಕ್ಷರ ಕಲಿಸುವುದಕ್ಕೆ ಮೊದಲು ಕೆಮ್ಮು ಕಲಿಸಿದವಳು. ಈಗ ಆಶ್ರಮದ ಬಚ್ಚಲಿನಲ್ಲಿ ಕೂತು, ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಕೆಮ್ಮತೊಡಗಿದಳು. ಕಂಡಕ್ಟರಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದು ಸಿಸ್ಟರಿಗೆ. ಅವರು ದಿನಕ್ಕೆ ಮೂರು ಹೊತ್ತು ಕೆಮ್ಮಿನ ಸಿರಪ್ ಶುರು ಮಾಡಿದರು.

ಬಾಗಿಲ ಮೇಲೆ ಟವೆಲ್ ನೇತುಹಾಕಿ ನೋಡಿದಳು. ಕಂಡಕ್ಟರು ಅದನ್ನು ಎಳೆದುಕೊಂಡು, "ಈ ಲಗೇಜ್ ಯಾರದ್ರೀ?" ಎನ್ನುತ್ತ ಪಡಸಾಲೆ ಸುತ್ತಿ ಬಂದರು. ಪ್ರಯಾಣಿಕರ ವಸ್ತುವಿನ ಬಗ್ಗೆ ಅಷ್ಟು ಕಾಳಜಿಯ ಕಂಡಕ್ಟರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಅಕ್ಕ ಚಿಲಕದ ಮಾತೇ ಎತ್ತಲಿಲ್ಲ. ಸರಿಹೋಯಿತೆಂದು ನಾನು ತಿಳಿದೆ. ಆದರೆ ಮಂಚದ ಪಕ್ಕದ ಸ್ಟೀಲಿನ ಜಗ್ಗಿನಲ್ಲಿ ನೀರು, ನಾನು ಹೋದಾಗಲೆಲ್ಲ, ಕುತ್ತಿಗೆಯವರೆಗೂ ಇರುತ್ತಿತ್ತು. ಅಕ್ಕನ ತುಟಿ ಒಡೆದಿತ್ತು. ಉಳಿದದ್ದನ್ನು ಆಯಾ ಹೇಳಿದಳು: "ಒಂದು ಲೋಟ ಕಾಫಿ ಬಿಟ್ರೆ ಏನೂ ಕುಡಿಯಲ್ಲ ಸಾರ್ ಅಮ್ಮ. ಹೇಳಿದ್ರೆ ಬೈತಾರೆ."

ಅಕ್ಕನನ್ನು ಕೇಳಿದೆ.

"ಒಳಗೆ ಹೋದ್ರೆ ತಾನೇ ಹೊರಗೆ ಬರೋದು?" ಎಂದಳು. "ಕಮ್ಮಿ ಕುಡಿದ್ರೆ ದಿನಕ್ಕೆ ಎರಡು ಸಲ ಹೋದ್ರೆ ಸಾಕು. ಆ ಕಂಡಕ್ಟರು ಊಟಕ್ಕೆ ಕೂತಾಗ ಹೋಗಿ ಬರ್ತೀನಿ."

ಸೊಂಟದ ಆಪರೇಶನ್ನಿನ ಹೊತ್ತಿಗೇ ಅವಳಿಗೆ ಮೂತ್ರದ ಸೋಂಕು ಬಂದಿತ್ತು, ಚೆನ್ನಾಗಿ ನೀರು ಕುಡಿಯದಿದ್ದರೆ ಕಿಡ್ನಿಗೆ ಹೋಗುತ್ತದೆಂದು ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು. ಅಂದರೆ ಚಿಲಕ ಹಾಕಿಕೊಂಡರೆ ಬಿದ್ದು ಸಾಯಬಹುದು, ಹಾಕಿಕೊಳ್ಳದಿದ್ದರೆ ಬಾಯಾರಿ ಸಾಯಬಹುದು. ಮೊದಲನೆಯದಕ್ಕೆ ಬೋರ್ಡಿನಲ್ಲಿ ನಿಯಮವಿತ್ತು. ಎರಡನೆಯದು ಅಪಘಾತಗಳ ಸಾಲಿಗೆ ಬರುತ್ತಿರಲಿಲ್ಲ.

ನನ್ನ ವೃತ್ತಿಯ ಅಹಂಕಾರ ಎಚ್ಚೆತ್ತದ್ದು ಆಗ. ಒಳಗಿನಿಂದ ಹಾಕಿಕೊಳ್ಳಬಹುದಾದ, ಆಪತ್ತಿಗೆ ಹೊರಗಿನಿಂದ ತೆಗೆಯಬಹುದಾದ ಚಿಲಕ. ಒಳಗೆ ಒಂದು ಹಿಡಿ, ಬಾಗಿಲ ಮೂಲಕ ಹಾಯುವ ಒಂದು ಸರಳು, ಹೊರತುದಿಯಲ್ಲಿ ಒಂದು ಸೀಳು. ಆ ಸೀಳಿಗೆ ನಾಣ್ಯ ಇಟ್ಟು ತಿರುಗಿಸಿದರೆ ಚಿಲಕ ಸರಿಯುತ್ತದೆ. ಬೀಗದ ಕೈ ಹುಡುಕಬೇಕಿಲ್ಲ, ಹಾರೆ ಬೇಕಿಲ್ಲ. ಭದ್ರಾವತಿ ನ್ಯೂಟೌನಿನ ಲೇತ್ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ಮಾಡಿಸಿದೆ. ಒಂದು ರೂಪಾಯಿಯ ನಾಣ್ಯಕ್ಕೆ ಸೀಳು ಸರಿಯಾಗಿ ಹೊಂದುವವರೆಗೆ ಅಂಗಡಿಯವನನ್ನು ಬಿಡಲಿಲ್ಲ. "ಸಾರ್, ಇದೇನು ರಾಕೆಟ್ಟಿಗಾ?" ಎಂದು ಅವನು ಕೊನೆಗೆ ಕೈಮುಗಿದ.

ಸಿಸ್ಟರ್ ಅದನ್ನು ಕೈಯಲ್ಲಿ ಹಿಡಿದು ನಾಲ್ಕಾರು ಸಲ ತಿರುಗಿಸಿ ನೋಡಿದರು. "ನನಗೆ ಹಾರೆ ತರೋದು ಬೇಡ ಅಂದ್ರೆ ಸಾಕು ಸಾರ್. ಅಧ್ಯಕ್ಷರನ್ನ ಕೇಳಿ." ಅಧ್ಯಕ್ಷರು ಅಡಿಕೆ ಮಂಡಿಯ ಸಾಹುಕಾರರು. ಮೂಟೆಯೊಳಗೆ ಕೈ ಹಾಕಿ ಒಂದು ಹಿಡಿ ಅಡಿಕೆ ತೆಗೆದು ಇಡೀ ಲೋಡಿನ ಗುಣಮಟ್ಟ ಹೇಳುವವರು. ನನ್ನ ಚಿಲಕವನ್ನೂ ಹಾಗೆಯೇ ಅಂಗೈಯಲ್ಲಿ ತೂಗಿದರು.

"ಮಾಲು ಚೆನ್ನಾಗಿದೆ. ಹಾಕಿ. ಆದ್ರೆ ತಪಾಸಣೆಯೋರು ಬರೋ ದಿನ ಬಿಚ್ಚಿಡಬೇಕು."

"ಇದು ಸುರಕ್ಷಿತ ಸಾರ್. ಅವರಿಗೇ ತೋರಿಸಬಹುದು."

"ಸುರಕ್ಷಿತಾನೇ ಇರಬಹುದು. ಅವರಿಗೆ ತೋರಿಸಿದ್ರೆ ನಾವು ಸುರಕ್ಷಿತ ಅಲ್ಲ."

ಹೀಗೆ, ಕದ್ದು ಸುರಕ್ಷಿತವಾಗಿರುವ ಷರತ್ತಿನ ಮೇಲೆ, ಹೆಂಗಸರ ಬಚ್ಚಲಿಗೆ ಚಿಲಕ ಬಂತು. ಅಕ್ಕ ಮೊದಲ ಸಲ ಅದನ್ನು ಹಾಕಿಕೊಂಡು ಸ್ನಾನ ಮಾಡಿ ಬಂದವಳು ಮುಖಕ್ಕೆ ಪೌಡರ್ ಹಚ್ಚಿ, ತಲೆ ಬಾಚಿ, ಒಗೆದ ಸೀರೆ ಉಟ್ಟು ಹೊರಗಿನ ಕಟ್ಟೆಯ ಮೇಲೆ ಕೂತಳು. "ಒಳಗೆ ಕೂತು ಒಂದು ಹಾಡು ಹೇಳ್ದೆ ಕಣೋ" ಎಂದಳು. ಜಗ್ಗು ಸಂಜೆಯೊಳಗೆ ಖಾಲಿಯಾಗತೊಡಗಿತು. ಉಳಿದ ಅಜ್ಜಿಯರೂ ಚಿಲಕದ ಬಗ್ಗೆ ನನ್ನನ್ನು ಹೊಗಳಿದರು. ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದರೂ ಸಿಗದ ಪ್ರಶಸ್ತಿ ಅದು. ಭದ್ರಾವತಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗ, ಮಾನವಕುಲಕ್ಕೆ ನನ್ನ ಕೊಡುಗೆ ಏನು ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು.

ಈ ವೈಭವ ಬೇಸಿಗೆ ಮುಗಿಯುವವರೆಗೂ ನಡೆಯಿತು.

ಇಡೀ ಆಶ್ರಮದಲ್ಲಿ, ಹಗಲೂ ಇರುಳೂ, ಕೈಯಲ್ಲಿ ಒಂದು ರೂಪಾಯಿಯ ನಾಣ್ಯ ಹಿಡಿದೇ ಇರುವ ಮನುಷ್ಯ ಒಬ್ಬರೇ ಒಬ್ಬರಿದ್ದರು. ಗೇಜು ಹಿಡಿದು ಕೂದಲೆಳೆಯಷ್ಟು ತಪ್ಪನ್ನೂ ಹಿಡಿಯುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ. ಸಿಸ್ಟರಿಗೂ ಹೊಳೆದಿರಲಿಲ್ಲ. ಕಂಡಕ್ಟರು ಎಂದಿನಂತೆ ಬಾಗಿಲಿಗೆ ನಾಣ್ಯ ಬಡಿಯುತ್ತ ಬಂದಿದ್ದಾರೆ. ನಾಣ್ಯ ಸೀಳಿನಲ್ಲಿ ಕೂತಿದೆ. ಕೂತದ್ದನ್ನು ಯಾರೇ ಆಗಲಿ ತಿರುಗಿಸುತ್ತಾರೆ. ಚಿಲಕ, ನಾನು ಮಾಡಿಸಿದ ಹಾಗೆಯೇ, ಒಂದಿಷ್ಟೂ ಸದ್ದಿಲ್ಲದೆ ಸರಿದಿದೆ.

ಒಳಗೆ ಅಕ್ಕನಿದ್ದಳು. ಈ ಸಲ ಕೆಮ್ಮಲು ಸಿದ್ಧಳಾಗಿರಲಿಲ್ಲ, ಟವೆಲ್ ಹತ್ತಿರ ಇಟ್ಟುಕೊಂಡಿರಲಿಲ್ಲ. ಚಿಲಕವಿದೆಯಲ್ಲ ಎಂದು ಬೆನ್ನು ಬಾಗಿಲಿಗೆ ಕೊಟ್ಟು ಹಾಡು ಹೇಳುತ್ತ ಕೂತಿದ್ದಳು. "ಎಲ್ಲಿಗಮ್ಮಾ?" ಎಂದು ಕೇಳಿದರಂತೆ. ಆಯಾ ಓಡಿ ಬರುವವರೆಗೂ ಅವರು ಟಿಕೆಟ್ಟಿಗೆ ಕಾಯುತ್ತ ಅಲ್ಲೇ ನಿಂತಿದ್ದರಂತೆ.

ಸಿಸ್ಟರ್ ಕಂಡಕ್ಟರ ಚೀಲ, ನಾಣ್ಯ ಎರಡನ್ನೂ ತೆಗೆದು ಬೀರುವಿನಲ್ಲಿಟ್ಟರು. ಮರುದಿನ ನಾನು ಹೋದಾಗ ಅವರು ಪಡಸಾಲೆಯ ನೆಲದ ಮೇಲೆ ಕೂತಿದ್ದರು. ಕೊರಳಲ್ಲಿ ಚೀಲದ ಪಟ್ಟಿ ಇರಬೇಕಾದ ಜಾಗವನ್ನು ಕೈ ಮತ್ತೆ ಮತ್ತೆ ತಡವುತ್ತಿತ್ತು. ನನ್ನನ್ನು ಕಂಡು ಭದ್ರಾವತಿ ಎನ್ನಲಿಲ್ಲ. ಊಟ ಮುಟ್ಟಿಲ್ಲ ಎಂದು ಆಯಾ ಹೇಳಿದಳು.

ಅಕ್ಕ ಕಿಟಕಿಯ ಕಡೆ ತಿರುಗಿ ಮಲಗಿದ್ದಳು. ಸಿಸ್ಟರನ್ನು ಕರೆಸಿದಳು.

"ಅವರ ಚೀಲ ಕೊಟ್ಟುಬಿಡಿ."

"ಕೊಟ್ರೆ ಮತ್ತೆ ಬಾಗಿಲು ತೆಗೀತಾರಮ್ಮ."

"ತೆಗೀಲಿ. ಅವರ ಹತ್ರ ಉಳಿದಿರೋದು ಅದೊಂದೇ. ಅದನ್ನ ಕಿತ್ಕೊಂಡು ನಾನು ಮಾನವಂತೆ ಆಗ್ಬೇಕಾ?"

ಚೀಲ ಹಿಂದಕ್ಕೆ ಹೋಯಿತು. ಪಡಸಾಲೆಯಲ್ಲಿ ಮತ್ತೆ ಟಕಟಕ ಕೇಳಿತು. ನಾಣ್ಯದ ಬದಲು ಬೇರೆ ಬೀಗದ ಕೈ ಮಾಡಿಸುತ್ತೇನೆಂದು ನಾನು ಅಧ್ಯಕ್ಷರ ಮಂಡಿಗೆ ಹೋದೆ. ಅವರು ಅಡಿಕೆ ಆರಿಸುತ್ತಲೇ ಕೇಳಿಸಿಕೊಂಡರು. "ಬೀಗದ ಕೈ ಯಾರ ಹತ್ರ ಇರುತ್ತೆ? ಅವರು ಮಾರ್ಕೆಟ್ಟಿಗೆ ಹೋದಾಗ ಒಬ್ಬರು ಬಿದ್ರೆ? ನೀವು ಹೇಳಿದ್ರಲ್ಲ, ನಾಣ್ಯ ಆದ್ರೆ ಎಲ್ಲರ ಹತ್ರಾನೂ ಇರುತ್ತೆ ಅಂತ?" ಹೌದು, ಹೇಳಿದ್ದೆ, ಬಹಳ ಹೆಮ್ಮೆಯಿಂದ. ತಪಾಸಣೆಯವರು ಬರುವ ಕಾಲವೂ ಹತ್ತಿರವಾಗಿತ್ತು. ಬಡಗಿ ಬಂದು ಚಿಲಕ ಬಿಚ್ಚಿದ. ಸರಳು ಹಾಯ್ದ ದೊಡ್ಡ ತೂತಿಗೆ ಮರದ ಬಿರಡೆ ಬಡಿದು ಪುಟ್ಟಿ ಮೆತ್ತಿದ. ಚಿಲಕವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಜಗ್ಗು ಮತ್ತೆ ತುಂಬಿಯೇ ಉಳಿಯಿತು. ನಾನು ಬೇಡಿದೆ, ಬೈದೆ, ಎಳನೀರು ತಂದೆ, ಕಿತ್ತಳೆ ತಂದೆ. ನನ್ನ ಹೆಂಡತಿ ಬಂದು ಕೂತು ಲೋಟ ಹಿಡಿದು ಅತ್ತಳು. ಅವಳ ಎದುರಿಗೆ ಅಕ್ಕ ಎರಡು ಗುಟುಕು ಕುಡಿದಳು, ಅಳು ನಿಲ್ಲಲೆಂದು. ಮಳೆ ಹಿಡಿಯುವ ಹೊತ್ತಿಗೆ ಚಳಿಜ್ವರ ಬಂದು, ಮಾತು ತೊದಲಿ, ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿಗೆ ಸೇರಿಸಬೇಕಾಯಿತು. ಸೋಂಕು ಕಿಡ್ನಿಗೆ ಏರಿತ್ತು. ಡಾಕ್ಟರು, "ಆಶ್ರಮದಲ್ಲಿ ನೀರು ಕೊಡಲ್ವೇನ್ರೀ?" ಎಂದು ಗದರಿದರು. ಕೊಡುತ್ತಾರೆ ಎಂದೆ. ಪೂರ್ತಿ ಹೇಳಲು ಹೋದರೆ ಅವರಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಗ್ಲೂಕೋಸ್ ಬಾಟಲಿ ಹಾಕಿ ಜ್ವರ ಇಳಿಸಿದರು. ಎದ್ದು ನಾಲ್ಕು ಹೆಜ್ಜೆ ಇಡುವ ಹಾಗಾದ ದಿನ, ಮಧ್ಯಾಹ್ನ, ನಾನು ಅವಳನ್ನು ಕೋಣೆಯ ಬಚ್ಚಲಿನವರೆಗೆ ಹಿಡಿದುಕೊಂಡು ಹೋದೆ. ಬಾಗಿಲಲ್ಲೇ ನಿಂತುಬಿಟ್ಟಳು. ಒಳಗಡೆ ಚಿಲಕವಿತ್ತು. ಸಾಧಾರಣ ಅಲ್ಯೂಮಿನಿಯಂ ಚಿಲಕ, ಒಂದು ಮೊಳೆ ಸಡಿಲ, ನಮ್ಮ ವಿಭಾಗದಲ್ಲಾಗಿದ್ದರೆ ವಾಪಸು ಕಳಿಸುವ ಮಾಲು. ಅಕ್ಕ ಅದನ್ನು ಬೆರಳಲ್ಲಿ ಒಮ್ಮೆ ಹಿಂದಕ್ಕೆ ಮುಂದಕ್ಕೆ ಸರಿಸಿದಳು.

"ಹಾಕ್ಕೊಳ್ಳಲಾ?"

ಬೋರ್ಡಿನ ಪ್ರಕಾರ ಉತ್ತರ ಏನೆಂದು ನನಗೆ ಗೊತ್ತಿತ್ತು. ಸಿಸ್ಟರ್ ಹೇಳಿದ ಆ ಅಜ್ಜಿಯ ಕಥೆಯೂ ಗೊತ್ತಿತ್ತು. ಅಕ್ಕನ ಕಾಲು ಇನ್ನೂ ನಡುಗುತ್ತಿತ್ತು.

"ಹಾಕ್ಕೋ" ಎಂದೆ.

ಚಿಲಕ ಬಿದ್ದ ಸದ್ದು ಕೇಳಿತು. ಆಮೇಲೆ ನಲ್ಲಿಯ ಸದ್ದು, ಚೊಂಬಿನ ಸದ್ದು. ಆಮೇಲೆ ಏನೂ ಇಲ್ಲ. ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಮೀಟುವುದಕ್ಕೆ ಏನಾದರೂ ಇದೆಯೇ ಎಂದು ಕೋಣೆಯೆಲ್ಲ ಕಣ್ಣಾಡಿಸಿದೆ. ಬಾಟಲಿ ನೇತುಹಾಕುವ ಸ್ಟ್ಯಾಂಡು ಒಂದಿತ್ತು. ಕೊನೆಗೆ ತಡೆಯಲಾರದೆ ಕೆಮ್ಮಿದೆ.

ಒಳಗಿನಿಂದ ಒಂದು ಕೆಮ್ಮು ಬಂತು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೆಮ್ಮಿದೆ. ಮತ್ತೆ ಬಂತು. ಕೂಲಿ ಲೈನಿನ ಹಾಗೆ ಹೊರಗಿನವನು ಹಿಂದಿರುಗಬೇಕಿತ್ತು, ನಾನು ಅಲ್ಲೇ ನಿಂತು ಕೆಮ್ಮುತ್ತಿದ್ದೆ. ನರ್ಸೊಬ್ಬಳು ಇಣುಕಿ, "ಟೆಸ್ಟ್ ಮಾಡಿಸ್ಕೊಳ್ಳಿ ಸಾರ್, ಈ ವಯಸ್ಸಲ್ಲಿ ಒಳ್ಳೇದಲ್ಲ" ಎಂದು ಹೋದಳು. ಅಕ್ಕ ಬಂದಾಗ ಮುಖ ತೊಳೆದ ನೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. "ಎಷ್ಟು ಕೆಮ್ತೀಯೋ, ಒಂದು ನಿಮಿಷ ನೆಮ್ಮದಿ ಇಲ್ಲ" ಎಂದಳು.

ಅಲ್ಲೇ ಇರಲು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನರ್ಸಿಂಗ್ ಹೋಮು ಬದುಕಲು ಇರುವ ಜಾಗವಲ್ಲ. ಇಷ್ಟರಲ್ಲಿ ಹಾಸಿಗೆ ಹಿಡಿದು ಆ ನಾಲ್ಕು ಹೆಜ್ಜೆಯ ಬಲವೂ ಹೋಗಿತ್ತು, ಎತ್ತಿ ಕೂರಿಸಲು ಇಬ್ಬರು ಬೇಕಿತ್ತು. ಆಟೋದಲ್ಲಿ ಆಶ್ರಮಕ್ಕೆ ವಾಪಸು ಬಂದೆವು. ಗೇಟಿನ ಹತ್ತಿರ ಒಂದು ಕಡೆ ನಾನು, ಇನ್ನೊಂದು ಕಡೆ ಕಂಡಕ್ಟರು ಹಿಡಿದು ಇಳಿಸಿದೆವು. "ನಿಧಾನ ಅಮ್ಮ, ಬಸ್ಸು ನಿಂತಿದೆ."

ಮುಂದಿನ ತಿಂಗಳು ಹೋದಾಗ ಸಿಸ್ಟರ್ ನಗುಮುಖದಿಂದ ಎದುರಾದರು. ತಪಾಸಣೆಯವರು ಬಂದು ಹೋಗಿದ್ದರು. ಈ ವರ್ಷ ಬಚ್ಚಲಿನಲ್ಲಿ ಒಂದೂ ಅವಘಡವಿಲ್ಲವೆಂದು ಮೆಚ್ಚಿಕೊಂಡಿದ್ದರು. "ನಿಮ್ಮ ಅಕ್ಕನೂ ಈಗ ತುಂಬಾ ಅಡ್ಜಸ್ಟ್ ಆಗಿದ್ದಾರೆ ಸಾರ್. ಏನೂ ಹಟ ಇಲ್ಲ. ಕೊಟ್ಟಷ್ಟು ನೀರು ಕುಡೀತಾರೆ."

ಕೋಣೆಯಲ್ಲಿ ಅಕ್ಕ ಇರಲಿಲ್ಲ. ಜಗ್ಗು ಖಾಲಿಯಿತ್ತು. ಪಡಸಾಲೆಯ ತುದಿಗೆ ನಡೆದೆ. ಬಚ್ಚಲಿನ ಬಾಗಿಲು ಪೂರ್ತಿ ತೆರೆದಿತ್ತು. ಆಯಾ ಚೊಂಬಿನಿಂದ ನೀರು ಹೊಯ್ಯುತ್ತಿದ್ದಳು. ಸ್ಟೂಲಿನ ಮೇಲೆ ಅಕ್ಕನ ಬೆನ್ನು ಕಂಡಿತು. ನಾನು ಥಟ್ಟನೆ ಗೋಡೆಯ ಕಡೆ ತಿರುಗಿ ನಿಂತು, ಗಟ್ಟಿಯಾಗಿ ಕೆಮ್ಮಿದೆ.

ನೀರಿನ ಸದ್ದು ನಿಲ್ಲಲಿಲ್ಲ. ಬಾಗಿಲನ್ನು ಯಾರೂ ಮುಂದೆ ಮಾಡಲಿಲ್ಲ, ಒಳಗಿನಿಂದ ಕೆಮ್ಮೂ ಬರಲಿಲ್ಲ.

"ಯಾರು, ನೀನಾ?" ಎಂದಳು ಅಕ್ಕ. "ಕೆಮ್ಮು ಇನ್ನೂ ಹೋಗಿಲ್ವೇನೋ? ನನ್ನ ಕಪಾಟಲ್ಲಿ ಸಿರಪ್ ಇದೆ ನೋಡು, ಎರಡು ಚಮಚ ಕುಡಿ."